ವೀರ್ಯ 'ತೊಳೆಯುವುದು' ಅಂದರೆ ಏನು ಮಾಡುತ್ತಾರೆ?

ಪ್ರಶ್ನೆ: ನಾನು ಬದಿಯಡ್ಕದ ಅಡಿಕೆ ಕೃಷಿಕ, ವಯಸ್ಸು 34. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿಲ್ಲ. ಹೆಂಡತಿಯ ರಿಪೋರ್ಟೆಲ್ಲ ಸರಿಯಿದೆ. ನನ್ನದರಲ್ಲಿ ಮಿಲಿಲೀಟರಿಗೆ 12 ಮಿಲಿಯನ್ ವೀರ್ಯಾಣು ಅಂತ ಬಂತು. ಮಂಗಳೂರಿನ ಡಾಕ್ಟರು 'ವೀರ್ಯ ತೊಳೆದು ಐಯುಐ (ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಹಾಕುವುದು) ಮಾಡೋಣ' ಅಂದರು. ತೊಳೆದರೆ ವೀರ್ಯಾಣು ಗಟ್ಟಿಯಾಗುತ್ತದೆಯೇ? ಸ್ಯಾಂಪಲ್ ಮನೆಯಿಂದಲೇ ತರಬಹುದೇ?

ಉತ್ತರ: ಗಟ್ಟಿಯಾಗುವುದಿಲ್ಲ. ಅಡಿಕೆ ಸುಲಿದ ಮೇಲೆ ಪಟೋರ, ಕರಿಗೋಟು ಅಂತ ಕಳಪೆಯವನ್ನು ಬೇರೆ ಮಾಡುತ್ತೀರಿ ಅಲ್ವಾ? ಆರಿಸಿದ್ದಕ್ಕೆ ಕರಿಗೋಟು ಒಳ್ಳೆಯ ಚಾಲಿ ಅಡಿಕೆಯಾಗುವುದಿಲ್ಲ. ಇಲ್ಲೂ ಅಷ್ಟೇ.

ವೀರ್ಯವನ್ನು ಹಾಗೇ ಗರ್ಭಕೋಶಕ್ಕೆ ಹಾಕುವಂತಿಲ್ಲ. ಅದರ ದ್ರವದಲ್ಲಿರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದಿಂದ ಹೆಂಗಸಿಗೆ ಜೋರು ಹೊಟ್ಟೆನೋವು ಬರಬಹುದು, ಸೋಂಕಿನ ಭಯವೂ ಇದೆ. ಅದಕ್ಕೇ ದ್ರವ ಬಿಟ್ಟು ವೀರ್ಯಾಣುವನ್ನಷ್ಟೇ ತೆಗೆಯುವುದು.

ಎಣಿಕೆ ಚೆನ್ನಾಗಿದ್ದರೆ 'ಸ್ವಿಮ್-ಅಪ್' ಸಾಕು. ವೀರ್ಯದ ಮೇಲೆ ಪೋಷಕ ದ್ರವ ಹಾಕಿ, ಟ್ಯೂಬನ್ನು ವಾರೆಯಾಗಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತಾರೆ. ಈಜಬಲ್ಲವು ತಾವೇ ಮೇಲೆ ಬರುತ್ತವೆ. ನಿಮ್ಮ ಎಣಿಕೆಗೆ ಸಾಮಾನ್ಯವಾಗಿ 'ಡೆನ್ಸಿಟಿ ಗ್ರೇಡಿಯಂಟ್' ಮಾಡುತ್ತಾರೆ. ಟ್ಯೂಬಿನ ತಳಕ್ಕೆ ಮಂದ ದ್ರವ, ಅದರ ಮೇಲೆ ತೆಳು ದ್ರವ, ಎಲ್ಲಕ್ಕೂ ಮೇಲೆ ವೀರ್ಯ. ಯಂತ್ರದಲ್ಲಿ ತಿರುಗಿಸಿದಾಗ ಸತ್ತವು, ಕಸ ಎಲ್ಲ ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಒಳ್ಳೆಯವು ತಳದಲ್ಲಿ ಚಿಕ್ಕ ಬಿಳಿ ಚುಕ್ಕೆಯ ಹಾಗೆ ಕೂರುತ್ತವೆ. ಆ ಚುಕ್ಕೆಯೇ ನಮಗೆ ಬೇಕಾದದ್ದು.

(ಇಷ್ಟೆಲ್ಲ ಆರಿಸುವವರು ಗಂಡುಮಗುವಿನದ್ದನ್ನೂ ಆರಿಸಿ ಕೊಡಬಹುದಲ್ಲ ಅಂತ ಕೇಳುವವರಿದ್ದಾರೆ. 1994ರ ಲಿಂಗ ಆಯ್ಕೆ ತಡೆ ಕಾಯ್ದೆ ಪ್ರಕಾರ ಅದು ಅಪರಾಧ.)

ಇನ್ನು 12 ಮಿಲಿಯನ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ 16. ಅದು ಪಾಸು-ಫೇಲಿನ ಗೆರೆಯಲ್ಲ. ಒಂದೇ ರಿಪೋರ್ಟ್ ನೋಡಿ ಹೆದರಬೇಡಿ, ಇನ್ನೊಮ್ಮೆ ಮಾಡಿಸಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಮೂರು ತಿಂಗಳ ಹಿಂದೆ ಬಂದ ಜೋರು ಜ್ವರವೂ ಇವತ್ತಿನ ಎಣಿಕೆ ಇಳಿಸಬಹುದು. ಬೀಡಿ, ಸಿಗರೇಟು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಿ. ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ಮಾತ್ರ ಬೇಡವೇ ಬೇಡ. ಗಂಡಸುತನ ಹೆಚ್ಚುತ್ತೆ ಅಂದುಕೊಂಡು ಚುಚ್ಚಿಸಿಕೊಳ್ಳುತ್ತಾರೆ, ವೀರ್ಯಾಣು ತಯಾರಾಗುವುದೇ ನಿಂತುಹೋಗಬಹುದು.

ಸ್ಯಾಂಪಲ್ ಒಂದು ಗಂಟೆಯೊಳಗೆ, ಮೈ ಬಿಸಿಯಲ್ಲೇ ಲ್ಯಾಬ್ ಸೇರಬೇಕು. ಬದಿಯಡ್ಕದಿಂದ ಮಂಗಳೂರಿಗೆ ಆ ಲೆಕ್ಕ ಸರಿಹೋಗುವುದು ಕಷ್ಟ. ಅಲ್ಲಿಯೇ ಕೊಡಿ. ಅದಕ್ಕೂ ಮೊದಲು ವೀರ್ಯ ಹೊರಹೋಗದಂತೆ ಎರಡರಿಂದ ಏಳು ದಿನ ಅಂತರವಿರಲಿ. ಎಂಟು-ಹತ್ತು ದಿನ ತಡೆದರೆ ಜಾಸ್ತಿ ಸಿಗುತ್ತೆ ಅಂತ ಕೂಡಿಡಬೇಡಿ, ಹಳೆಯವೇ ತುಂಬಿ ಚಲನೆ ಕುಗ್ಗುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ಆಗುವುದಿಲ್ಲ ಅನ್ನಿಸಿದರೆ ನಾಚಿಕೆ ಬಿಟ್ಟು ಮೊದಲೇ ಹೇಳಿ. ಮುಂಚೆ ಒಂದು ದಿನ ತೆಗೆದು ಹೆಪ್ಪುಗಟ್ಟಿಸಿಡಲು ಬರುತ್ತದೆ.

ತೊಳೆದ ಮೇಲೆ ಓಡಾಡುವ ವೀರ್ಯಾಣು ಎಷ್ಟು ಸಿಕ್ಕಿತು ಅಂತ ಡಾಕ್ಟರನ್ನು ಕೇಳಿ. ಒಂದು ಮಿಲಿಯನ್‌ಗಿಂತ ಕಡಿಮೆಯಿದ್ದರೆ ಮತ್ತೆ ಮತ್ತೆ ಐಯುಐಗೆ ದುಡ್ಡು ಸುರಿಯುವ ಬದಲು, ಒಂದು ಅಂಡಕ್ಕೆ ಒಂದೇ ವೀರ್ಯಾಣು ಚುಚ್ಚುವ 'ಇಕ್ಸಿ' ಬಗ್ಗೆ ಮಾತಾಡಿ.