ಕ್ಲಚ್ ತುಂಬಾ ಮೇಲೆ ಹಿಡಿಯುತ್ತೆ, ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತೆ ಅಂದಿದ್ದಕ್ಕೆ

ಸೆಕೆಂಡ್ ಹ್ಯಾಂಡ್ ಕಾರು, ಪೆಡಲ್ ಮುಕ್ಕಾಲು ಬಿಟ್ಮೇಲೇ ಎಳೆಯುತ್ತೆ, ಆಮೇಲೆ ಗಕ್ಕಂತ ಹಾರಿ ಆಫ್ ಆಗುತ್ತೆ ಅಂದ್ರಲ್ಲ, ಬಹುಶಃ ಬೈಟಿಂಗ್ ಪಾಯಿಂಟ್, ಅಂದ್ರೆ ಪೆಡಲ್ ಬಿಡ್ತಾ ಬಂದಾಗ ಕ್ಲಚ್ ಹಿಡಿಯೋಕೆ ಶುರು ಮಾಡೋ ಜಾಗ, ಮೇಲಿದೆ, ನಿಮ್ ಕಾಲಿಗೆ ಅದಿನ್ನೂ ಅಭ್ಯಾಸ ಆಗಿಲ್ಲ. ಮೊದಲು ಸೀಟ್ ಮುಂದಕ್ಕೆ ಎಳ್ಕೊಳ್ಳಿ, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರ್ಬೇಕು. ಆಮೇಲೆ ಖಾಲಿ, ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ನಿಧಾನಕ್ಕೆ ಬಿಡ್ತಾ ಬನ್ನಿ, ಇಂಜಿನ್ ಸೌಂಡ್ ತಗ್ಗಿ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತಲ್ಲ, ಅಲ್ಲೇ ಕಾಲು ನಿಲ್ಸಿ, ಗಾಡಿ ತಾನಾಗೇ ಉರುಳೋಕೆ ಶುರು ಮಾಡುತ್ತೆ, ಉರುಳಿದ್ಮೇಲೂ ಒಂದೆರಡು ಸೆಕೆಂಡ್ ಹಾಗೇ ಹಿಡ್ಕೊಂಡು ಆಮೇಲೆ ಪೂರ್ತಿ ಬಿಡಿ. ಹೆಚ್ಚಿನೋರು ಇಲ್ಲೇ ಅವಸರ ಮಾಡೋದು, ಗಾಡಿ ಅಲ್ಲಾಡಿದ ತಕ್ಷಣ ಕಾಲು ತೆಗೆದ್ಬಿಡ್ತಾರೆ. ಇದು ಕಾಲಿಗೆ ಕೂರೋವರೆಗೂ ಟ್ರಾಫಿಕ್‌ಗೆ ಹೋಗ್ಬೇಡಿ.

ಏರಲ್ಲಿ ಹ್ಯಾಂಡ್‌ಬ್ರೇಕ್ ಎಳ್ದಿಟ್ಟು, ಆ ನಡುಕ ಬಂದ್ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ರೇಕ್ ಇಳ್ಸಿ. ಬ್ರೇಕ್ ಹಿಡೀದೆ ಹಾಫ್ ಕ್ಲಚ್‌ನಲ್ಲೇ (ಪೆಡಲ್ ಅರ್ಧ ಬಿಟ್ಟು) ಗಾಡಿ ನಿಲ್ಲಿಸ್ಕೊಂಡಿದ್ರೆ ಕ್ಲಚ್ ಪ್ಲೇಟ್ ಸುಡುತ್ತೆ, ದಯವಿಟ್ಟು ಬೇಡ.

ಕ್ಲಚ್ ಪ್ಲೇಟ್ ಸವೆದಿದ್ರೂ ಹೀಗೆ ಮೇಲೆ ಹಿಡೀಬೋದು, ಗಾಡಿ ನೋಡ್ದೆ ಹೇಳೋದು ಕಷ್ಟ. ಮೂರು ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಮಾತ್ರ ಏರಿ ಸ್ಪೀಡ್ ಏರ್ದೇ ಇದ್ರೆ ತಡ ಮಾಡ್ದೆ ಮೆಕಾನಿಕ್‌ಗೆ ತೋರ್ಸಿ, ಕೇಬಲ್‌ನಿಂದ ಕೆಲಸ ಮಾಡೋ ಕ್ಲಚ್ ಆದ್ರೆ ಮೊದಲು ಕೇಬಲ್ ಅಡ್ಜಸ್ಟ್ ಮಾಡ್ಸಿ ನೋಡಿ.