ಹತ್ತುತ್ತಾನೆ, ಇಳಿಯಲು ಒಲ್ಲೆ ಅಂತಾನೆ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಒಂಬತ್ತು ವರ್ಷ. ಮಹಡಿ ಮೆಟ್ಟಿಲು ಹೇಗೋ ಹತ್ತುತ್ತಾನೆ. ಇಳಿಯುವಾಗ ಮಾತ್ರ ಮೇಲೆಯೇ ನಿಂತು ಕುಂಯ್‌ಗುಡುತ್ತಾನೆ. ಬೆಲ್ಟ್ ಹಿಡಿದೆಳೆದು ರೂಢಿ ಮಾಡಿಸಬಹುದೇ? ಅದೇ ತಳಿಯ ಎರಡು ತಿಂಗಳ ಮರಿಯೂ ಇದೆ. ಅದನ್ನು ಮೆಟ್ಟಿಲಿಗೆ ಬಿಡಬಹುದೇ?

ಉತ್ತರ: ದಯವಿಟ್ಟು ಎಳೆಯಬೇಡಿ. ಇಷ್ಟು ವರ್ಷ ಸಲೀಸಾಗಿ ಇಳಿಯುತ್ತಿದ್ದ ನಾಯಿ ಈಗ ನಿಂತುಬಿಡುತ್ತಿದೆ ಎಂದರೆ ಅದು ಹಟವಲ್ಲ, ಬಹುಮಟ್ಟಿಗೆ ನೋವು. ಸುಮ್ಮನೆ ನಿಂತಾಗಲೇ ನಾಯಿಯ ಮೈಭಾರದ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಇಳಿಯುವಾಗ ಆ ಭಾರ ಇನ್ನೂ ಹೆಚ್ಚುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಮುಂಗಾಲಿನ ಮೊಣಕೈ ಕೀಲು ಸವೆಯುವುದು ಸಾಮಾನ್ಯ, ಹಾಗಾಗಿ ನನ್ನ ಮೊದಲ ಅನುಮಾನ ಅದರ ಮೇಲೆ. ಹತ್ತುವಾಗ ಹಿಂಗಾಲೆರಡನ್ನೂ ಜೋಡಿಸಿ ಕುಪ್ಪಳಿಸುತ್ತಿದ್ದರೆ ಸೊಂಟದ ಕೀಲನ್ನೂ ನೋಡಿಸಬೇಕು. ಕತ್ತಲಾದ ಮೇಲಷ್ಟೇ ಹಿಂಜರಿದರೆ ಕಣ್ಣಿನ ಪರೀಕ್ಷೆ ಮಾಡಿಸಿ. ಅವನು ಇಳಿಯಲು ತಡವರಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತಂತೆ ನಡೆಯುತ್ತವೆ!

ಮನೆಯಲ್ಲಿರುವ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೊಡಲೇಬೇಡಿ. ಅದು ನಾಯಿಯ ಜಠರದಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡವನ್ನೂ ಕೆಡಿಸಬಲ್ಲದು.

ವೈದ್ಯರಿಗೆ ತೋರಿಸುವವರೆಗೆ ಮೆಟ್ಟಿಲ ಬಾಯಿಗೆ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಹಾಕಿ, ಅವನ ಹಾಸಿಗೆ, ನೀರು ಎಲ್ಲವನ್ನೂ ಕೆಳಗೇ ಇಡಿ. ಇಳಿಸಲೇಬೇಕಾದರೆ ಕತ್ತಿನ ಬೆಲ್ಟ್ ಬೇಡ. ಎದೆಗೆ ಹಾಕುವ, ಬೆನ್ನ ಮೇಲೆ ಹಿಡಿಯಿರುವ ಹಾರ್ನೆಸ್ ಹಿಡಿದು ಪಕ್ಕದಲ್ಲೇ ಒಂದೊಂದೇ ಮೆಟ್ಟಿಲು ಇಳಿಯಿರಿ. ಗ್ರಾನೈಟ್, ಟೈಲ್ಸ್‌ನ ಮೆಟ್ಟಿಲಾದರೆ ಪ್ರತಿಯೊಂದಕ್ಕೂ ಜಾರದ ರಬ್ಬರ್ ಮ್ಯಾಟ್ ಅಂಟಿಸಿ. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ಉಗುರನ್ನೂ ಕತ್ತರಿಸಿಡಿ. ಹಲವರು ಇದನ್ನು ಗಮನಿಸುವುದೇ ಇಲ್ಲ, ಜಾರುವುದಕ್ಕೆ ಅರ್ಧ ಕಾರಣ ಇದೇ ಆಗಿರುತ್ತದೆ. ತೂಕ ಹೆಚ್ಚಿದ್ದರೆ ಇಳಿಸಿ. ಕೀಲಿನ ನೋವಿಗೆ ಅದೂ ದೊಡ್ಡ ಚಿಕಿತ್ಸೆಯೇ.

ಮರಿಯನ್ನು ಸದ್ಯಕ್ಕೆ ಎತ್ತಿಕೊಂಡೇ ಓಡಾಡಿ. ಲ್ಯಾಬ್ರಡಾರ್ ಸೇರಿ ನಾಲ್ಕು ದೊಡ್ಡ ತಳಿಗಳ ಬಗ್ಗೆ ನಾರ್ವೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದಾಗಿನಿಂದ ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ದೋಷದ ಅಪಾಯ ಹೆಚ್ಚಿತ್ತು. ಆಮೇಲೆ ನಿಧಾನವಾಗಿ, ನೀವು ಜೊತೆಗಿದ್ದು ಕಲಿಸಿ.

ಎರಡರಲ್ಲಿ ಯಾವುದೇ ನಾಯಿ ಹಿಂಗಾಲು ಎಳೆದುಕೊಂಡು ತೆವಳಿದರೆ ಮರುದಿನದವರೆಗೆ ಕಾಯದೆ, ಆಗಲೇ ವೈದ್ಯರ ಬಳಿ ಒಯ್ಯಿರಿ.