ಗಾಯಗಳು ಕಾಡದಿದ್ದರೆ ಕೇನ್ ವೆಲಾಸ್ಕೆಜ್ ಎಂಎಂಎಯ (ಮಿಶ್ರ ಸಮರಕಲೆಯ) ಸರ್ವಶ್ರೇಷ್ಠ ಹೆವಿವೇಟ್ ಆಗುತ್ತಿದ್ದರೇ?

ಆಗುವ ಸಾಧ್ಯತೆ ಬಹಳವಿತ್ತು ಎಂದೇ ನನ್ನ ಅಭಿಪ್ರಾಯ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕುಸ್ತಿಪಟುವಾಗಿದ್ದ ಅವರು 2010ರಲ್ಲಿ ಬ್ರಾಕ್ ಲೆಸ್ನರ್ ಅವರನ್ನು ಮೊದಲ ಸುತ್ತಿನಲ್ಲೇ ಮಣಿಸಿ, ಎಂಎಂಎಯ ಪ್ರಮುಖ ಸಂಸ್ಥೆಯಾದ ಯುಎಫ್‌ಸಿಯ ಹೆವಿವೇಟ್ ಪಟ್ಟ ಗೆದ್ದರು. ಮರುವರ್ಷ ಜೂನಿಯರ್ ಡಾಸ್ ಸ್ಯಾಂಟೋಸ್ ಎದುರು 64 ಸೆಕೆಂಡುಗಳಲ್ಲಿ ಸೋತರೂ, 2012ರ ಡಿಸೆಂಬರ್‌ನಲ್ಲಿ ಅದೇ ಎದುರಾಳಿಯನ್ನು ಐದು ಸುತ್ತುಗಳ ಉದ್ದಕ್ಕೂ ಕಣದ ಬೇಲಿಗೆ ಒತ್ತಿ, ಉಸಿರು ತೆಗೆದುಕೊಳ್ಳಲೂ ಬಿಡದೆ ಹೊಡೆದು ಪಟ್ಟವನ್ನು ಮರಳಿ ಪಡೆದರು. ಅಷ್ಟು ಭಾರದ ದೇಹದಲ್ಲಿ ಅಂಥ ದಮ್ಮು ತೀರಾ ಅಪರೂಪ.

ಆದರೆ 2013ರ ಅಕ್ಟೋಬರ್ ನಂತರ ಭುಜ ಮತ್ತು ಮೊಣಕಾಲಿನ ಗಾಯಗಳಿಂದಾಗಿ ಸುಮಾರು 20 ತಿಂಗಳು ಅವರು ಕಣಕ್ಕಿಳಿಯಲೇ ಇಲ್ಲ. ಬಂದದ್ದಾದರೂ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದ ಮೆಕ್ಸಿಕೊ ಸಿಟಿಗೆ. ಅಲ್ಲಿ ಮೂರನೇ ಸುತ್ತಿನ ಹೊತ್ತಿಗೆ ದಣಿದು ಫ್ಯಾಬ್ರಿಸಿಯೊ ವೆರ್ಡಮ್ ಅವರ ಕತ್ತು ಹಿಸುಕುವ ಪಟ್ಟಿಗೆ ಸಿಲುಕಿ ಸೋತರು. ದೇಹ ಸಹಕರಿಸಿದ್ದರೆ, ಸ್ಟೈಪ್ ಮಿಯೊಸಿಕ್ 2018ರಲ್ಲಿ ಸ್ಥಾಪಿಸಿದ, ಯುಎಫ್‌ಸಿ ಹೆವಿವೇಟ್ ವಿಭಾಗದ ಸತತ ಮೂರು ಪಟ್ಟರಕ್ಷಣೆಗಳ ದಾಖಲೆ ಅದಕ್ಕೂ ಮೊದಲೇ ವೆಲಾಸ್ಕೆಜ್ ಹೆಸರಿನಲ್ಲಿರುತ್ತಿತ್ತೆಂದು ಧೈರ್ಯವಾಗಿ ಹೇಳಬಹುದು. ಹಾಗಿದ್ದೂ, ಸದಾ ಮುನ್ನುಗ್ಗುವ ಅವರ ಶೈಲಿಗೆ ಬಲವಾದ ಗುದ್ದಿಗೆ ಹೆಸರಾದ ಹೆವಿವೇಟ್ ಫ್ರಾನ್ಸಿಸ್ ಎನ್‌ಗಾನು ಅವರ ಹೊಡೆತ ಯಾವ ಕಾಲದಲ್ಲಾದರೂ ಅಪಾಯಕಾರಿಯೇ ಆಗಿರುತ್ತಿತ್ತು.